1774ರ ಆಸುಪಾಸಿನ ದೀಕ್ಷಾಸ್ನಾನ ಸಿಗುತ್ತಿಲ್ಲ, ಪಕ್ಕದ ಹಳ್ಳಿಗಳಲ್ಲಿ ಇಬ್ಬರು ಜಾನ್‌ಗಳಿದ್ದಾರೆ

ಬೇರುಹುಡುಕಿ:
ಇಂಗ್ಲೆಂಡಿನ ಸಫೊಕ್ ಕೌಂಟಿಯ ಒಂದು ಮನೆತನದ ವಂಶಾವಳಿ. ಹೆಸರು ಜಾನ್ ಕ್ಲಾರ್ಕ್ ಅಂತಿಟ್ಟುಕೊಳ್ಳಿ. ಸಿಕ್ಕಿರುವುದು ಎರಡೇ ದಾಖಲೆ: 1798ರ ಮದುವೆ, ಅದರಲ್ಲಿ ಇಬ್ಬರೂ ‘ಈ ಪ್ಯಾರಿಷ್‌ನವರು’ (ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು) ಎಂದಿದೆ, ಮಾರ್ಚ್ 1832ರ ಶವಸಂಸ್ಕಾರ, ವಯಸ್ಸು 58. ಆ ಹಳ್ಳಿಯ ಚರ್ಚ್ ದಾಖಲೆಗಳ ಇಂಡೆಕ್ಸ್‌ನಲ್ಲಿ 1773, 1774 ಎರಡೂ ವರ್ಷ ನೋಡಿದೆ, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ನಮೂದು ಇಲ್ಲ. ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ 1772ರ ಒಬ್ಬ, 1775ರ ಒಬ್ಬ ಜಾನ್ ಇದ್ದಾರೆ. ಯಾರನ್ನು ಸೇರಿಸಲಿ?

ಹಳೇಕಡತ:
ಸದ್ಯಕ್ಕೆ ಇಬ್ಬರನ್ನೂ ಸೇರಿಸಬೇಡಿ. ಈ ಕೆಲಸದಲ್ಲಿ ‘ಸಿಕ್ಕಿದ’ ಎನ್ನುವುದಕ್ಕಿಂತ ‘ಇವನಲ್ಲ’ ಎಂದು ಹೊಡೆದುಹಾಕುವುದೇ ಹೆಚ್ಚು.

‘ಈ ಪ್ಯಾರಿಷ್‌ನವರು’ ಅಂದರೆ ಮದುವೆಯ ಹೊತ್ತಿಗೆ ಅಲ್ಲಿ ವಾಸವಿದ್ದರು ಅಂತಷ್ಟೇ. ಹುಟ್ಟೂರು ಅಂತ ಅಲ್ಲ. ಕೂಲಿಯಾಳು ವರ್ಷಕ್ಕೊಂದು ಊರಲ್ಲಿ ಜೀತಕ್ಕಿದ್ದರೂ ಹಾಗೇ ಬರೆಯುತ್ತಿದ್ದರು. ಇನ್ನು 58 ಎಂಬ ವಯಸ್ಸು ಹೇಳಿದ್ದು ಸತ್ತವನಲ್ಲ, ಮನೆಯವರು. ಎರಡು ಮೂರು ವರ್ಷ ಆಚೀಚೆ ಆಗುವುದು ಮಾಮೂಲಿ. 1768ರಿಂದ 1778ರವರೆಗೆ ಜಾಲಾಡಿ, ಸುತ್ತಲಿನ ಐದು ಮೈಲಿಯ ಎಲ್ಲ ಪ್ಯಾರಿಷ್ ನೋಡಿ. ಆಗದಿದ್ದರೆ ಹತ್ತು ಮೈಲಿಗೆ ಹೋಗಿ.

ಅದಕ್ಕೂ ಮೊದಲು, ನೀವು ನೋಡಿದ ಇಂಡೆಕ್ಸ್ ಆ ಹಳ್ಳಿಯ ಯಾವ ಯಾವ ವರ್ಷಗಳನ್ನು ಒಳಗೊಂಡಿದೆ ಎಂದು ಖಚಿತಪಡಿಸಿಕೊಳ್ಳಿ. ಫ್ಯಾಮಿಲಿಸರ್ಚ್, ಫ್ರೀರೆಗ್ ಎಂಬ ವಂಶಾವಳಿ ಜಾಲತಾಣಗಳೆರಡರಲ್ಲೂ ಎಷ್ಟೋ ಪ್ಯಾರಿಷ್‌ಗಳ ನಡುವಿನ ವರ್ಷಗಳೇ ಇರುವುದಿಲ್ಲ. ಪುಟದ ಸ್ಕ್ಯಾನ್ ಸಿಕ್ಕರೆ ಕಣ್ಣಿಟ್ಟು ಓದಿ. ಪಾದ್ರಿ ಜೆ-ಎನ್-ಒ ಎಂದು ಗೀಚಿದ್ದರೆ ಅದು ಜಾನ್‌ನ ಸಂಕ್ಷೇಪ. ಅದನ್ನು ಜೋನಾಥನ್ ಎಂದು ಟೈಪ್ ಮಾಡಿದವರು ಬೇಕಾದಷ್ಟಿದ್ದಾರೆ. ಕ್ಲಾರ್ಕ್‌ನ ಕೊನೆಗೆ ಇ ಇರಬಹುದು, ನಡುವೆ ಎ ಬದಲು ಇ ಇರಬಹುದು. ಹುಡುಕುವಾಗ ಆ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ.

ಆಮೇಲೆ ಇಬ್ಬರು ಜಾನ್‌ಗಳ ಶವಸಂಸ್ಕಾರ ಹುಡುಕಿ, ವಿಶೇಷವಾಗಿ ಮೊದಲ ಐದು ವರ್ಷ. ಅದೇ ತಂದೆತಾಯಿಗೆ ಮುಂದೆ ಇನ್ನೊಬ್ಬ ಜಾನ್ ಹುಟ್ಟಿದ್ದರೆ ಮೊದಲಿನವನು ತೀರಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಸತ್ತ ಮಗುವಿನ ಹೆಸರನ್ನೇ ಮತ್ತೆ ಇಡುವುದು ಅಲ್ಲಿ ರೂಢಿ.

ಮಸಿಕುಡಿಕೆ:
ಎರಡು ಮಾತು ಸೇರಿಸುತ್ತೇನೆ. 1783ರ ಅಕ್ಟೋಬರ್‌ನಿಂದ ಪ್ರತಿ ದಾಖಲೆಗೆ 3 ಪೆನ್ಸ್ ತೆರಿಗೆ ಬಂತು. ಅದನ್ನು ತಪ್ಪಿಸಿಕೊಳ್ಳಲು ಸೆಪ್ಟೆಂಬರ್‌ನಲ್ಲೇ ಮನೆಯ ಮಕ್ಕಳಿಗೆಲ್ಲ ಒಟ್ಟಿಗೆ ದೀಕ್ಷಾಸ್ನಾನ ಮಾಡಿಸಿದವರಿದ್ದಾರೆ. ಹಾಗಾಗಿ ಒಂಬತ್ತು ವರ್ಷದ ಜಾನ್ ತಮ್ಮಂದಿರ ಜತೆ ಆ ತಿಂಗಳಲ್ಲಿ ಕಾಣಿಸಬಹುದು. ಇನ್ನೊಂದು, ರಿಜಿಸ್ಟರ್ ಹಾಳಾಗಿದ್ದರೆ ಬಿಷಪ್ಸ್ ಟ್ರಾನ್ಸ್‌ಕ್ರಿಪ್ಟ್ ಕೇಳಿ: ವರ್ಷಕ್ಕೊಮ್ಮೆ ಬಿಷಪ್ಪರಿಗೆ ಕಳಿಸುತ್ತಿದ್ದ ನಕಲು. ಮನೆಯವರು ಇಂಡಿಪೆಂಡೆಂಟ್ ಪಂಥದವರಾಗಿದ್ದರೆ (ಚರ್ಚ್ ಆಫ್ ಇಂಗ್ಲೆಂಡಿನಿಂದ ಹೊರಗಿದ್ದವರು) ಪ್ಯಾರಿಷ್ ಚರ್ಚಿನಲ್ಲಿ ಎಷ್ಟು ತಡಕಿದರೂ ಸಿಗದಿರಬಹುದು. ಅಂಥ ಸಭೆಗಳ ಹಲವು ರಿಜಿಸ್ಟರ್‌ಗಳು ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಆರ್‌ಜಿ 4 ಸರಣಿಯಲ್ಲಿವೆ.

ಬೇರುಹುಡುಕಿ:
1772ರ ಜಾನ್ 1773ರಲ್ಲೇ ಸಮಾಧಿಯಾಗಿದ್ದಾನೆ, ತಂದೆಯ ಹೆಸರೂ ಹೊಂದುತ್ತದೆ. ಹಾಗಾದರೆ 1775ರವನೇ ತಾನೆ? ಆದರೆ ಅವನ ಅಜ್ಜ-ಅಜ್ಜಿ ವಿಷಯದಲ್ಲಿ ಹೊಸ ಗೊಂದಲ: ಮದುವೆ ಮೇ 1743, ಮೊದಲ ಮಗುವಿನ ದೀಕ್ಷಾಸ್ನಾನ ಫೆಬ್ರವರಿ 1743. ಮದುವೆಗೆ ಮೂರು ತಿಂಗಳು ಮೊದಲೇ?

ಹಳೇಕಡತ:
ಪಾಪ, ಅವರ ಮೇಲೆ ಅಪವಾದ ಹೊರಿಸಬೇಡಿ. 1751ರವರೆಗೆ ಅಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಫೆಬ್ರವರಿ 1743 ಅಂದರೆ ನಮ್ಮ ಲೆಕ್ಕದಲ್ಲಿ 1744, ಮದುವೆಯಾಗಿ ಒಂಬತ್ತು ತಿಂಗಳು. ಪುಟ ನೋಡಿದರೆ ಗೊತ್ತಾಗುತ್ತದೆ: ಆ ಫೆಬ್ರವರಿ ನಮೂದು 1743ರ ಡಿಸೆಂಬರ್‌ನ ಕೆಳಗಿರುತ್ತದೆ, ಮೇಲಲ್ಲ. ನಿಮ್ಮ ಪಟ್ಟಿಯಲ್ಲಿ 1743/4 ಎಂದು ಎರಡೂ ಬರೆದಿಡಿ.

1775ರವನು ‘ಉಳಿದವನು’ ಅಷ್ಟೇ, ಇನ್ನೂ ಸಾಬೀತಾಗಿಲ್ಲ. ಅವನು ಬೇರೆಲ್ಲೋ ಮದುವೆಯಾಗಿದ್ದಾನಾ ನೋಡಿ. 1754ರಿಂದೀಚೆಗೆ ಮದುವೆಯ ನಮೂದಿಗೆ ಸಾಕ್ಷಿಗಳ ಸಹಿ ಬೇಕಿತ್ತು. 1798ರ ಸಾಕ್ಷಿಗಳಲ್ಲಿ 1775ರ ಮನೆಯ ಅಕ್ಕ-ತಂಗಿಯೋ ಭಾವನೋ ಇದ್ದರೆ ಬಲ ಬರುತ್ತದೆ. ಆದರೆ ಅದೇ ಹೆಸರು ಹಿಂದಿನ ಮುಂದಿನ ಎಲ್ಲ ಮದುವೆಗಳಲ್ಲೂ ಕಂಡರೆ ಅವರು ನೆಂಟರಲ್ಲ, ಚರ್ಚಿನ ಗುಮಾಸ್ತರು.

ಮಸಿಕುಡಿಕೆ:
1775ರ ಜಾನ್‌ನ ತಮ್ಮ-ತಂಗಿಯರಲ್ಲಿ ಯಾರಾದರೂ 1851ರವರೆಗೆ ಬದುಕಿದ್ದರೆ ಆ ವರ್ಷದ ಜನಗಣತಿ ನೋಡಿ. ಅದರಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುತ್ತದೆ. ತಂದೆಯ ಉಯಿಲು ಸಿಕ್ಕರೆ ಇನ್ನೂ ಒಳ್ಳೆಯದು. ‘ಮಗ ಜಾನ್, ಇಂಥ ಊರಲ್ಲಿ ವಾಸ’ ಎಂಬ ಒಂದು ಸಾಲು ಸಾಕು.