ತಳಿವೈದ್ಯೆಯನ್ನು ಕೇಳಿ: ವಂಶವಾಹಿ ರೂಪಾಂತರ

ಹೊಸ ಸದಸ್ಯ: ಮೊಬೈಲನ್ನು ದಿಂಬಿನ ಕೆಳಗಿಟ್ಟು ಮಲಗಿದರೆ ವಂಶವಾಹಿ ಕೆಡುತ್ತದೆಯೇ, ಮೇಡಂ?

ವೈದ್ಯೆ: ಇಲ್ಲ. ಡಿಎನ್‌ಎ ಬಂಧಗಳನ್ನು ಮುರಿಯುವಷ್ಟು ಶಕ್ತಿ ಆ ಅಲೆಗಳಿಗಿಲ್ಲ. ಎಕ್ಸ್‌ರೇಗೆ ಇದೆ; ಅದರಿಂದ ವಂಶವಾಹಿ ಬದಲಾಗುವುದನ್ನು, ಅಂದರೆ ರೂಪಾಂತರವನ್ನು, ವಿಜ್ಞಾನಿ ಹರ್ಮನ್ ಮುಲ್ಲರ್ 1927ರಲ್ಲೇ ಹಣ್ಣುನೊಣಗಳಲ್ಲಿ ತೋರಿಸಿಕೊಟ್ಟರು. ಹೆದರುವುದಾದರೆ ತಂಬಾಕಿನ ಹೊಗೆಗೆ ಹೆದರಿ.

ಬೆಕ್ಕುಪ್ರಿಯೆ: ನಮ್ಮ ಬಿಳಿ ಬೆಕ್ಕಿನ ಒಂದು ಕಣ್ಣು ನೀಲಿ, ಇನ್ನೊಂದು ಹಳದಿ. ಇದೂ ರೂಪಾಂತರವೇ?

ಏಳು ತಿಂಗಳ ಕೂಸಿನ ತಾಯಿ: ಮಗಳಿಗೆ ಅಕಾಂಡ್ರೊಪ್ಲೇಸಿಯಾ, ಅಂದರೆ ಕೈಕಾಲಿನ ಮೂಳೆ ಗಿಡ್ಡವಾಗಿಯೇ ಉಳಿಯುವ ಹುಟ್ಟು ಸ್ಥಿತಿ, ಎಂದು ವರದಿ ಬಂದಿದೆ. ನಾವಿಬ್ಬರೂ ಸಾಮಾನ್ಯ ಎತ್ತರದವರು. ನನ್ನ ಯಜಮಾನರಿಗೆ 43 ವರ್ಷ. ಬಸುರಿಯಾಗಿದ್ದಾಗ ನಾನೇ ಏನೋ ತಿಂದು ಹೀಗಾಯಿತು ಎಂದು ಅತ್ತೆ ದೂರುತ್ತಾರೆ. ಮುಂದಿನ ಮಗುವೂ ಹೀಗೆಯೇ ಹುಟ್ಟುತ್ತದೆಯೇ? ಇವಳು ರಾತ್ರಿ ಗೊರಕೆ ಹೊಡೆಯುತ್ತಾಳೆ, ನಡುನಡುವೆ ಉಸಿರು ನಿಂತು ಮತ್ತೆ ಒಮ್ಮೆಲೇ ಎಳೆದುಕೊಳ್ಳುತ್ತಾಳೆ.

ವೈದ್ಯೆ: ನಿಮ್ಮ ಕೊನೆಯ ಸಾಲನ್ನು ಮೊದಲು ನೋಡೋಣ. ಈ ಮಕ್ಕಳಲ್ಲಿ ತಲೆಬುರುಡೆಯ ಬುಡದ ರಂಧ್ರ ಕಿರಿದಾಗಿರುವುದುಂಟು. ಅಲ್ಲಿ ನರಗಳ ಮೇಲೆ ಒತ್ತಡ ಬಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ. ಇಂದೇ ಮಕ್ಕಳ ಆಸ್ಪತ್ರೆಗೆ ಹೋಗಿ. ನಿದ್ರಾ ಪರೀಕ್ಷೆ, ಎಂಆರ್‌ಐ ಬೇಕಾಗಬಹುದು. ಎತ್ತಿಕೊಳ್ಳುವಾಗ ಕುತ್ತಿಗೆಗೆ ಕೈ ಆಸರೆ ಇರಲಿ.

ಇನ್ನು ಅತ್ತೆಯವರ ದೂರು. ನೀವು ತಿಂದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎಫ್‌ಜಿಎಫ್‌ಆರ್3 ಎಂಬ ವಂಶವಾಹಿಯ ಡಿಎನ್‌ಎ ಬರಹದಲ್ಲಿ ಒಂದೇ ಅಕ್ಷರ ಬದಲಾಗಿ, ಅದರ ಪ್ರೋಟೀನಿನ 380ನೇ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲ (ಪ್ರೋಟೀನಿನ ಇಟ್ಟಿಗೆ) ಇರಬೇಕಾದಲ್ಲಿ ಆರ್ಜಿನಿನ್ ಎಂಬ ಇನ್ನೊಂದು ಬಂದಿರುತ್ತದೆ. ಮೂಳೆಯ ಬೆಳವಣಿಗೆಗೆ ಲಗಾಮು ಹಾಕುವ ಪ್ರೋಟೀನು ಅದು; ಈಗ ಲಗಾಮು ಸಡಿಲವಾಗುವುದೇ ಇಲ್ಲ. ಇಂಥ ಐದು ಮಕ್ಕಳಲ್ಲಿ ಸುಮಾರು ನಾಲ್ವರ ತಂದೆತಾಯಿ ಸಾಮಾನ್ಯ ಎತ್ತರದವರೇ. ಆಗ ರೂಪಾಂತರ ಹೊಸದಾಗಿ, ಬಹುತೇಕ ಯಾವಾಗಲೂ ತಂದೆಯ ಕಡೆಯಿಂದ ಬಂದಿರುತ್ತದೆ. ವೀರ್ಯಾಣುಗಳ ಮೂಲಕೋಶಗಳು ವಯಸ್ಸಾದರೂ ವಿಭಜನೆಯಾಗುತ್ತಲೇ ಇರುತ್ತವೆ. ಪ್ರತಿ ಸಲ ನಕಲಾಗುವ ಅಕ್ಷರಗಳು ನೂರಾರು ಕೋಟಿ. ವಿಚಿತ್ರವೆಂದರೆ, ಈ ನಿರ್ದಿಷ್ಟ ತಪ್ಪಿರುವ ಮೂಲಕೋಶ ಅಕ್ಕಪಕ್ಕದವನ್ನು ಹಿಂದೆ ಹಾಕಿ ಹೆಚ್ಚುತ್ತದೆ. ಹಾಗೆಂದು ನಿಮ್ಮ ಯಜಮಾನರನ್ನು ದೂರಬೇಡಿ. ಎಲ್ಲ ಮಕ್ಕಳೂ ಹತ್ತಾರು ಹೊಸ ರೂಪಾಂತರಗಳನ್ನು ಹೊತ್ತೇ ಹುಟ್ಟುತ್ತಾರೆ, ಹೆಚ್ಚಿನವು ಏನೂ ಮಾಡುವುದಿಲ್ಲ. ನಿಮ್ಮ ಮುಂದಿನ ಮಗುವಿಗೆ ಇದು ಬರುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ.

ಹಿರಿಯ ಸದಸ್ಯ: ನನಗೆ ಬಂದ ಸಂದೇಶ: ‘ಈ ಮೂಲಿಕೆ ಪುಡಿಯನ್ನು 48 ದಿನ ಕೊಟ್ಟರೆ ವಂಶವಾಹಿ ದೋಷ ಬೇರುಸಹಿತ ಹೋಗುತ್ತದೆ. ಹತ್ತು ಜನರಿಗೆ ಕಳುಹಿಸಿ.’

ವೈದ್ಯೆ: ದಯವಿಟ್ಟು ಅಳಿಸಿ. ಮೈಯ ಪ್ರತಿ ಕೋಶದಲ್ಲೂ ಇರುವ ಅಕ್ಷರವನ್ನು ಯಾವ ಪುಡಿಯೂ ತಿದ್ದುವುದಿಲ್ಲ. ಉಸಿರಾಟದ ತೊಂದರೆಯಿರುವ ಕೂಸಿನ ಬಾಯಿಗೆ ಹಾಕಿದ ಪುಡಿ ಶ್ವಾಸನಾಳಕ್ಕೆ ಇಳಿದರೆ ಯಾರು ಜವಾಬ್ದಾರರು?

ಹಿರಿಯ ಸದಸ್ಯ: ಬಂದದ್ದನ್ನು ಕಳುಹಿಸಿದೆ, ಅಷ್ಟೇ.

ವೈದ್ಯೆ: ಅದೇ ನನ್ನ ತಕರಾರು.

ನಿವೃತ್ತ ಎಂಜಿನಿಯರ್: ರೂಪಾಂತರ ಎಂದರೇ ಕೇಡು. ಅದರಿಂದ ಒಳ್ಳೆಯದಾದದ್ದನ್ನು ಯಾರಾದರೂ ಕಂಡಿದ್ದೀರಾ?

ಜೀವಶಾಸ್ತ್ರ ಶಿಕ್ಷಕಿ: ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವವರೆಲ್ಲ ಕಂಡಿದ್ದಾರೆ. ಕೆಂಪು ರಕ್ತಕಣಗಳನ್ನು ಕುಡುಗೋಲಿನಂತೆ ಬಾಗಿಸುವ ವಂಶವಾಹಿ ಎರಡು ಪ್ರತಿ ಇದ್ದರೆ ರೋಗ. ಒಂದೇ ಇದ್ದರೆ ತೀವ್ರ ಮಲೇರಿಯಾದಿಂದ ರಕ್ಷಣೆ.

ನಿವೃತ್ತ ಎಂಜಿನಿಯರ್: ಅಂದರೆ ಜೀವಿಗಳು ತಮಗೆ ಬೇಕಾದ ರೂಪಾಂತರವನ್ನು ಮಾಡಿಕೊಳ್ಳುತ್ತವೆ. ಔಷಧ ಕಂಡ ಬ್ಯಾಕ್ಟೀರಿಯಾದಂತೆ.

ಶಿಕ್ಷಕಿ: ನಾನು ಹಾಗೆ ಬರೆದಿಲ್ಲ. ಔಷಧ ಬರುವ ಮೊದಲೇ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಬದಲಾವಣೆ ಆಗಿರಬಹುದು. ಔಷಧ ಉಳಿದವನ್ನು ಕೊಂದು ಅವಕ್ಕೆ ಜಾಗ ಮಾಡಿಕೊಡುತ್ತದೆ. ಬ್ಯಾಕ್ಟೀರಿಯಾದ ಮೇಲೆ ವೈರಸ್ ಬಿಟ್ಟು ವಿಜ್ಞಾನಿಗಳಾದ ಲೂರಿಯಾ ಮತ್ತು ಡೆಲ್‌ಬ್ರೂಕ್ 1943ರಲ್ಲೇ ಈ ಜಗಳ ತೀರಿಸಿದ್ದಾರೆ.

ನಿವೃತ್ತ ಎಂಜಿನಿಯರ್: 1943ರ ಮಾತು ಈಗೇಕೆ?

ಶಿಕ್ಷಕಿ: ಪ್ರಯೋಗಕ್ಕೆ ವಯಸ್ಸಾಗಿಲ್ಲ, ತಮ್ಮ ವಾದಕ್ಕೆ ಆಗಿದೆ.

ಹಿರಿಯ ಸದಸ್ಯ: ಹಿರಿಯರ ಜೊತೆ ಮಾತನಾಡುವ ರೀತಿಯೇ ಇದು?

ಹೊಸ ಸದಸ್ಯ: ಮೇಡಂ, ಮೊಬೈಲ್ ಗೋಪುರದಿಂದ?

ವೈದ್ಯೆ: ಮೊದಲ ಉತ್ತರ ಓದಿ.

ಬೆಕ್ಕುಪ್ರಿಯೆ: ಬೆಕ್ಕಿನ ಬಗ್ಗೆ ಎರಡನೇ ಸಲ ಕೇಳುತ್ತಿದ್ದೇನೆ.

ಕೂಸಿನ ತಾಯಿ: ಅತ್ತೆಯವರು ಆ ಪುಡಿ ತರಿಸೋಣ ಎನ್ನುತ್ತಿದ್ದಾರೆ. ಸೋಮವಾರ ತೋರಿಸಿದರೆ ಸಾಲದೇ?

ವೈದ್ಯೆ: ಸಾಲದು, ಈಗಲೇ ಹೊರಡಿ. ಉಸಿರು ನಿಲ್ಲುವುದರ ವಿಡಿಯೊ ಇದ್ದರೆ ಅಲ್ಲಿ ತೋರಿಸಿ, ವರದಿಯನ್ನೂ ಒಯ್ಯಿರಿ. ಪುಡಿ ಬೇಡ. ಅತ್ತೆಯವರಿಗೆ ಇದನ್ನೇ ಓದಿ ಹೇಳಿ.

ನಿವೃತ್ತ ಎಂಜಿನಿಯರ್: ವೈದ್ಯೆಯವರು ನನಗೆ ಉತ್ತರಿಸಿಯೇ ಇಲ್ಲ.

ವೈದ್ಯೆ: ಶಿಕ್ಷಕಿ ಉತ್ತರಿಸಿದ್ದಾರೆ, ಸರಿಯಾಗಿಯೇ. ಆ ತಾಯಿ ಹೊರಟರೆಂದು ತಿಳಿಯುವವರೆಗೆ ದಯವಿಟ್ಟು ಬೇರೆ ಯಾರೂ ಬರೆಯಬೇಡಿ.

ಹೊಸ ಸದಸ್ಯ: ಸರಿ ಮೇಡಂ. ಬ್ಲೂಟೂತ್‌ನಿಂದ?