ಶಾರ್ಟ್‌ಕಟ್ ಹಂಚಿದ್ದೇನೋ ಆಯಿತು, ಐಕಾನ್ ನಿಂತಲ್ಲಿ ನಿಲ್ಲುತ್ತಿಲ್ಲ

ಪ್ರಶ್ನೆ:
ಲೆಕ್ಕಪತ್ರ ವಿಭಾಗದವರ ಡೆಸ್ಕ್‌ಟಾಪ್‌ಗೆ ಮಾತ್ರ ಒಂದು ಶಾರ್ಟ್‌ಕಟ್ ಹೋಗಬೇಕು. ವಿಂಡೋಸ್‌ನ ಗ್ರೂಪ್ ಪಾಲಿಸಿಯ (ಕಚೇರಿಯ ಕಂಪ್ಯೂಟರ್‌ಗಳಿಗೆಲ್ಲ ಒಂದೇ ಕಡೆಯಿಂದ ಸೆಟ್ಟಿಂಗ್ ಹಂಚುವ ವ್ಯವಸ್ಥೆ) ಯೂಸರ್ ಕಾನ್ಫಿಗರೇಶನ್, ಪ್ರಿಫರೆನ್ಸಸ್‌ನಲ್ಲಿ ‘ರಿಪ್ಲೇಸ್’ ಆರಿಸಿ ಹಂಚಿದ್ದೇನೆ. ಬಂದವರಿಗೆ ಬಂದಿದೆ, ಆದರೆ ಆಗಾಗ ಮಿನುಗಿ ಮಾಯವಾಗಿ ಪರದೆಯ ಇನ್ನೊಂದು ಮೂಲೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಲ್ಯಾಪ್‌ಟಾಪ್ ಮನೆಗೆ ಒಯ್ದವರಿಗೆ ಐಕಾನ್ ಬದಲು ಬಿಳಿ ಹಾಳೆಯಷ್ಟೇ ಕಾಣುತ್ತದೆ. ಉಳಿದ ಕೆಲವರಿಗೆ ಏನೂ ಬಂದಿಲ್ಲ. ದೂರುಗಳಿಗೆ ಉತ್ತರಿಸಿ ಸಾಕಾಗಿದೆ. ಲಾಗಿನ್ ಆದಾಗಲೆಲ್ಲ ಓಡುವ ಲಾಗಾನ್ ಸ್ಕ್ರಿಪ್ಟ್‌ಗೇ ಮರಳಲೇ?

ಉತ್ತರ 1:
ಸ್ಕ್ರಿಪ್ಟ್ ಬೇಡ. ಪಬ್ಲಿಕ್ ಡೆಸ್ಕ್‌ಟಾಪ್‌ಗೆ ಹಾಕಿಬಿಡಿ. ಅಡ್ಮಿನ್ ಹಕ್ಕಿಲ್ಲದವರು ಅಳಿಸಲೂ ಆಗುವುದಿಲ್ಲ.

ಉತ್ತರ 2:
ಪಬ್ಲಿಕ್ ಡೆಸ್ಕ್‌ಟಾಪ್‌ಗೆ ಹಾಕಿದರೆ ಆ ಕಂಪ್ಯೂಟರಿಗೆ ಲಾಗಿನ್ ಆಗುವ ಪ್ರತಿಯೊಬ್ಬರಿಗೂ ಅದು ಕಾಣುತ್ತದೆ. ಕೇಳಿದ್ದು ಒಂದು ವಿಭಾಗಕ್ಕೆ ಮಾತ್ರ. ನಿಮ್ಮ ದಾರಿ ಸರಿಯಾಗಿಯೇ ಇದೆ, ತಕರಾರು ‘ರಿಪ್ಲೇಸ್’‌ನದು. ಪಾಲಿಸಿ ಹೊಸದಾಗುವಾಗಲೆಲ್ಲ ಅದು ಶಾರ್ಟ್‌ಕಟ್ಟನ್ನು ಅಳಿಸಿ ಮತ್ತೆ ಸೃಷ್ಟಿಸುತ್ತದೆ. ಹಿನ್ನೆಲೆಯ ಈ ನವೀಕರಣ ಸಾಮಾನ್ಯವಾಗಿ 90 ನಿಮಿಷಕ್ಕೊಮ್ಮೆ, ಅದರ ಮೇಲೆ 0ರಿಂದ 30 ನಿಮಿಷದ ಯಾದೃಚ್ಛಿಕ ತಡ. ಬಳಕೆದಾರರು ಜೋಡಿಸಿಟ್ಟ ಜಾಗ ಅಷ್ಟರಲ್ಲೇ ಹಾರಿಹೋಗುತ್ತದೆ. ‘ಅಪ್‌ಡೇಟ್’ ಆರಿಸಿ: ಇಲ್ಲದಿದ್ದರೆ ಸೃಷ್ಟಿಸುತ್ತದೆ, ಇದ್ದರೆ ಬದಲಾದದ್ದನ್ನಷ್ಟೇ ತಿದ್ದುತ್ತದೆ. ‘ರಿಪ್ಲೇಸ್’ ಎಂಬ ಆಯ್ಕೆಯನ್ನು ಎಲ್ಲರೂ ಅಷ್ಟೊಂದು ಪ್ರೀತಿಯಿಂದ ಏಕೆ ಒತ್ತುತ್ತಾರೋ ನನಗಂತೂ ಅರ್ಥವಾಗಿಲ್ಲ.

ಬಿಳಿ ಹಾಳೆಗೆ ಕಾರಣ, ನೀವು ಐಕಾನ್ ಕಡತವನ್ನು ಸರ್ವರ್‌ನ ಹಂಚಿಕೆ ಫೋಲ್ಡರಿನಲ್ಲಿ ಇಟ್ಟಿರಬೇಕು. ಜಾಲದಿಂದ ಹೊರಗೆ ಹೋದರೆ ಅದು ಸಿಗದು. ಕಂಪ್ಯೂಟರ್ ಕಾನ್ಫಿಗರೇಶನ್‌ನ ಫೈಲ್ಸ್ ಪ್ರಿಫರೆನ್ಸ್ ಮೂಲಕ ಐಕಾನನ್ನು ಮೊದಲು ಪ್ರತಿ ಯಂತ್ರದ ಸಿ ಡ್ರೈವ್‌ಗೆ ನಕಲಿಸಿ, ಶಾರ್ಟ್‌ಕಟ್‌ಗೆ ಆ ವಿಳಾಸ ಕೊಡಿ.

ಇನ್ನು ಏನೂ ಬಾರದವರ ವಿಷಯ. ಪಾಲಿಸಿಯನ್ನು ನಿಮ್ಮ ವಿಭಾಗಕ್ಕೆ ಹೇಗೆ ಸೀಮಿತಗೊಳಿಸಿದ್ದೀರಿ?

ಪ್ರಶ್ನೆ ಕೇಳಿದವರು:
ಸೆಕ್ಯೂರಿಟಿ ಫಿಲ್ಟರಿಂಗ್‌ನಿಂದ (ಪಾಲಿಸಿ ಯಾರಿಗೆ ಅನ್ವಯಿಸಬೇಕೆಂಬ ಪಟ್ಟಿ) ‘ಅಥೆಂಟಿಕೇಟೆಡ್ ಯೂಸರ್ಸ್’ (ಜಾಲಕ್ಕೆ ಲಾಗಿನ್ ಆದ ಎಲ್ಲ ಬಳಕೆದಾರರೂ ಕಂಪ್ಯೂಟರ್‌ಗಳೂ) ತೆಗೆದು ನಮ್ಮ ಗುಂಪನ್ನು ಹಾಕಿದೆ. ಆ ಗುಂಪಿನಲ್ಲಿ ಕೆಲವು ಕಂಪ್ಯೂಟರ್‌ಗಳೂ ಇವೆ.

ಉತ್ತರ 2:
ಕೆಲವರಿಗೆ ಬಂದು ಕೆಲವರಿಗೆ ಬಾರದ್ದಕ್ಕೆ ಅದೇ ಕಾರಣ. 2016ರ ಜೂನ್‌ನ ಭದ್ರತಾ ನವೀಕರಣದ ನಂತರ ವಿಂಡೋಸ್ ಬಳಕೆದಾರರ ಪಾಲಿಸಿಯನ್ನೂ ಕಂಪ್ಯೂಟರ್ ಖಾತೆಯ ಹೆಸರಿನಲ್ಲಿ ಓದುತ್ತದೆ. ಓದುವ ಹಕ್ಕು ಕಂಪ್ಯೂಟರಿಗಿಲ್ಲದಿದ್ದರೆ, ಕೂತವರು ಯಾವ ಗುಂಪಿನವರಾದರೂ ಪಾಲಿಸಿ ತಲುಪುವುದಿಲ್ಲ. ಪಾಲಿಸಿಯ ಹಕ್ಕುಗಳನ್ನು ಕೊಡುವ ಡೆಲಿಗೇಶನ್ ಟ್ಯಾಬ್‌ನಲ್ಲಿ ‘ಡೊಮೇನ್ ಕಂಪ್ಯೂಟರ್ಸ್’‌ಗೆ (ಕಚೇರಿ ಜಾಲದ ಕಂಪ್ಯೂಟರ್‌ಗಳ ಗುಂಪು) ‘ರೀಡ್’ ಕೊಡಿ, ‘ಅಪ್ಲೈ’ ಬೇಡ. ಇನ್ನೂ ಅಚ್ಚುಕಟ್ಟಾದ ದಾರಿ: ಫಿಲ್ಟರಿಗೆ ‘ಅಥೆಂಟಿಕೇಟೆಡ್ ಯೂಸರ್ಸ್’ ಮರಳಿ ಹಾಕಿ, ಶಾರ್ಟ್‌ಕಟ್ ಮಟ್ಟದಲ್ಲೇ ಐಟಂ ಲೆವೆಲ್ ಟಾರ್ಗೆಟಿಂಗ್‌ನಲ್ಲಿ (ಒಂದೊಂದು ನಮೂದೂ ಯಾರಿಗೆ ಎಂದು ಹೇಳುವ ಸೌಲಭ್ಯ) ಗುಂಪನ್ನು ಸೂಚಿಸಿ.

ಉತ್ತರ 3:
ವಿಭಾಗ ಬಿಟ್ಟು ಹೋದವರ ಡೆಸ್ಕ್‌ಟಾಪ್‌ನಿಂದ ಅದು ತಾನಾಗಿ ಹೋಗಬೇಕಾದರೆ? ‘ಅನ್ವಯವಾಗದಿದ್ದಾಗ ತೆಗೆ’ ಎಂಬ ಗುರುತು ಹಾಕಿದರೆ ಸಾಕಲ್ಲವೇ?

ಉತ್ತರ 2:
ಆ ಗುರುತು ಹಾಕಿದೊಡನೆ ಕ್ರಿಯೆ ತಾನಾಗಿ ‘ರಿಪ್ಲೇಸ್’‌ಗೆ ಮರಳುತ್ತದೆ, ಮಿನುಗಾಟ ಮತ್ತೆ ಶುರು. ಅದರ ಬದಲು ‘ಡಿಲೀಟ್’ ಕ್ರಿಯೆಯ ಎರಡನೆಯ ನಮೂದು ಹಾಕಿ, ಗುಂಪಿನ ಸದಸ್ಯರಲ್ಲದವರಿಗೆ ಎಂದು ಗುರಿ ಕೊಡಿ.

ಪ್ರಶ್ನೆ ಕೇಳಿದವರು:
‘ರೀಡ್’ ಕೊಟ್ಟು, ಬಾರದವರಲ್ಲಿ ಒಬ್ಬರ ಯಂತ್ರದಲ್ಲಿ ಜಿಪಿಅಪ್‌ಡೇಟ್ (ಪಾಲಿಸಿಯನ್ನು ತಕ್ಷಣ ಹೊಸದಾಗಿಸುವ ಆದೇಶ) ಓಡಿಸಿ ನೋಡಿದೆ. ಶಾರ್ಟ್‌ಕಟ್ ಬಂತು. ಐಕಾನ್ ನಕಲಿಸುವ ಕೆಲಸ ನಾಳೆಗೆ.