ಲ್ಯಾಬಿನ 40 ಕಂಪ್ಯೂಟರಿಗೆ ಏನು ಕಲಿಯಲಿ: ಆನ್ಸಿಬಲ್ಲಾ, ಶೆಲ್ ಸ್ಕ್ರಿಪ್ಟಾ?

ಲ್ಯಾಬ್ ಕೀಲಿಕೈ: ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. 40 ಉಬುಂಟು ಡೆಸ್ಕ್‌ಟಾಪ್ ಇವೆ. ಸೆಮಿಸ್ಟರ್ ಶುರುವಾದಾಗಲೆಲ್ಲ ಜಿಸಿಸಿ, ಜಾವಾ, ಕನ್ನಡ ಕೀಬೋರ್ಡ್ ಅಂತ ಒಂದೊಂದರ ಮುಂದೆ ಕೂತು ಹಾಕುವುದರಲ್ಲೇ ವಾರ ಹೋಗುತ್ತದೆ. ಈ ಸಲ ಏನಾದರೂ ಕಲಿತು ತಾನಾಗಿ ಆಗುವ ಹಾಗೆ ಮಾಡೋಣ ಅಂತ. ಎಲ್ಲಿಂದ ಶುರು ಮಾಡಲಿ?

ಟರ್ಮಿನಲ್ ತಿಮ್ಮ: ಆನ್ಸಿಬಲ್. ಒಂದೇ ಕಡೆ ಕೂತು ಎಲ್ಲ ಮಷಿನ್‌ಗಳನ್ನೂ ಸಿದ್ಧಮಾಡುವ ಸಾಧನ, ಬೇರೆ ಮಾತೇ ಇಲ್ಲ. ಇದೇ ಕೆಲಸದ ಪಪೆಟ್, ಶೆಫ್ ಆದರೆ ಪ್ರತಿ ಮಷಿನ್‌ನಲ್ಲೂ ಏಜೆಂಟ್ (ಅದರದೇ ಒಂದು ಪ್ರೋಗ್ರಾಂ) ಬೇಕು. ಇದಕ್ಕೆ ಆ ಕಡೆ ಏನೂ ಹಾಕಬೇಕಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ (ದೂರದ ಮಷಿನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮೂಲಕ ಹೋಗಿ ಕೆಲಸ ಮುಗಿಸಿ ಬರುತ್ತದೆ. ಏನೇನು ಇರಬೇಕು ಅಂತ ಯಾಮಲ್ ಅನ್ನುವ ಬಗೆಯ ಸರಳ ಪಠ್ಯದ ಫೈಲಿನಲ್ಲಿ ಬರೆದಿಟ್ಟರೆ ಸಾಕು. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಬ್ಯಾಷ್ ಬಸಪ್ಪ: "ಒಂದು ಮಧ್ಯಾಹ್ನ"? ಯಾಮಲ್‌ನಲ್ಲಿ ಸಾಲಿನ ಶುರುವಿನ ಸ್ಪೇಸ್ ಎಣಿಸುವುದರಲ್ಲೇ ನನ್ನ ಒಂದು ಮಧ್ಯಾಹ್ನ ಹೋಗಿದೆ. ಎಲ್ಲೋ ಸ್ಪೇಸ್ ಬದಲು ಒಂದು ಟ್ಯಾಬ್ ನುಸುಳಿತ್ತು, ಅಷ್ಟೆ. ಕಮಾಂಡ್‌ಗಳನ್ನು ಸಾಲಾಗಿ ಬರೆದ 20 ಸಾಲಿನ ಶೆಲ್ ಸ್ಕ್ರಿಪ್ಟ್, ಅದನ್ನೇ ಒಂದೊಂದು ಮಷಿನ್‌ಗೂ ಓಡಿಸುವ ಒಂದು ಫಾರ್ ಲೂಪ್, ಮುಗೀತು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ?

ರೂಟ್ ರಂಗಿ: ಅದೇ 20 ಸಾಲನ್ನು ಎರಡನೇ ಸಲ ಓಡಿಸಿ ನೋಡಿ. ಕಾನ್ಫಿಗ್ (ಸೆಟ್ಟಿಂಗ್) ಫೈಲಿನ ಕೊನೆಗೆ ಒಂದು ಸಾಲು ಸೇರಿಸುವ ಸ್ಕ್ರಿಪ್ಟ್, ಓಡಿಸಿದಷ್ಟು ಸಲ ಅದೇ ಸಾಲು ಸೇರಿಸುತ್ತಾ ಹೋಗುತ್ತದೆ. ಆನ್ಸಿಬಲ್‌ನ ಲೈನ್‌ಇನ್‌ಫೈಲ್ ಮಾಡ್ಯೂಲ್ (ಒಂದೊಂದು ಕೆಲಸಕ್ಕೆ ಇರುವ ಸಿದ್ಧ ತುಣುಕು) ಆ ಸಾಲು ಇದೆಯಾ ಅಂತ ಮೊದಲು ನೋಡುತ್ತದೆ, ಇದ್ದರೆ ಸುಮ್ನಿರುತ್ತದೆ.

ಬ್ಯಾಷ್ ಬಸಪ್ಪ: ಸಾಲು ಇದೆಯಾ ಅಂತ ಹುಡುಕಲು ಗ್ರೆಪ್ ಅಂತ ಒಂದಿದೆ, ಕೇಳಿದ್ದೀರಾ ಮೇಡಂ?

ಹಳೇ ಸರ್ವರ್: ತಿಮ್ಮ ಅವರು "ಆ ಕಡೆ ಏನೂ ಹಾಕಬೇಕಿಲ್ಲ" ಅಂದರು. ತಪ್ಪು. ಆ ಕಡೆ ಪೈಥಾನ್ ಭಾಷೆ ಬೇಕು. ಮಾಡ್ಯೂಲ್‌ಗಳು ಓಡುವುದೇ ಅದರ ಮೇಲೆ.

ಟರ್ಮಿನಲ್ ತಿಮ್ಮ: ಉಬುಂಟುವಿನಲ್ಲಿ ಪೈಥಾನ್ 3 ಮೊದಲೇ ಇರುತ್ತದೆ ಸ್ವಾಮಿ. ಹಾಕಬೇಕಿಲ್ಲ ಅಂದೆ. ಇರಬೇಕಿಲ್ಲ ಅನ್ನಲಿಲ್ಲ.

ಹಳೇ ಸರ್ವರ್: "ಮೊದಲೇ ಇರುತ್ತದೆ." ಸರಿ. ಆ ಲಾಗಿನ್ ಒಪ್ಪಿಕೊಳ್ಳುವ ಎಸ್‌ಎಸ್‌ಎಚ್ ಸರ್ವರ್ ಇರುತ್ತದಾ? ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಅದು ತಾನಾಗಿ ಬರುವುದಿಲ್ಲ. 40 ಮಷಿನ್ ಮುಂದೆ ಕೂತು ಅದನ್ನು ಹಾಕುವವರು ಯಾರು, ನಿಮ್ಮ ಆನ್ಸಿಬಲ್ಲಾ?

ರೂಟ್ ರಂಗಿ: ಪೈಥಾನ್ ಇಲ್ಲದಿದ್ದರೂ ಕಮಾಂಡನ್ನು ನೇರವಾಗಿ ಕಳಿಸುವ ರಾ ಮಾಡ್ಯೂಲ್ ನಡೆಯುತ್ತದೆ. ಅದರಿಂದಲೇ ಪೈಥಾನ್ ಹಾಕಿಸಬಹುದು.

ಹಳೇ ಸರ್ವರ್: "ಹಾಕಿಸಬಹುದು." ಅಂದರೆ ಹಾಕಬೇಕು. ಧನ್ಯವಾದ.

ಲ್ಯಾಬ್ ಕೀಲಿಕೈ: ಒಂದು ಮಾತು. ರಾತ್ರಿ ಎಲ್ಲ ಆಫ್ ಮಾಡುತ್ತೇವೆ. ಹಗಲಲ್ಲೂ 30 ಆನ್ ಇದ್ದರೆ ಹೆಚ್ಚು. ಆಫ್ ಇರುವವಕ್ಕೆ ಏನು ಮಾಡುವುದು?

ಹಳೇ ಸರ್ವರ್: ಅದಕ್ಕೇ ಪಪೆಟ್. ಏಜೆಂಟ್ ತಾನೇ 30 ನಿಮಿಷಕ್ಕೊಮ್ಮೆ ಸರ್ವರ್ ಹತ್ತಿರ ಹೋಗಿ ಏನೇನು ಇರಬೇಕು ಅಂತ ಕೇಳುತ್ತದೆ. ಆಫ್ ಇದ್ದದ್ದು ಆನ್ ಆದ ಮೇಲೆ ಕೇಳುತ್ತದೆ. 2005ರಿಂದ ಇದೆ. ಅದಕ್ಕೂ ಮುಂಚೆ, 1993ರಲ್ಲೇ, ಓಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಇಂಥದ್ದೇ ಸಿಎಫ್‌ಎಂಜಿನ್ ಮಾಡಿದ್ದರು. ನಿಮ್ಮ ಆನ್ಸಿಬಲ್ ಬಂದದ್ದು 2012ಕ್ಕೆ.

ಟರ್ಮಿನಲ್ ತಿಮ್ಮ: "ಸರ್ವರ್ ಹತ್ತಿರ" ಅಂತೆ! ಒಂದು ಲ್ಯಾಬಿಗೆ ಪಪೆಟ್ ಸರ್ವರ್, ಮಷಿನ್‌ಗಳ ಗುರುತಿಗೆ ಅದರ ಸರ್ಟಿಫಿಕೇಟ್ ಕಾಟ. ಆ ಏಜೆಂಟನ್ನು 40 ಮಷಿನ್‌ಗೆ ಹಾಕಲು ಯಾರು ಹೋಗುತ್ತಾರೆ, ನೀವಾ?

ಗಿಟ್ ಗಿರಿಜಾ: ಪಾಪ, ಕೇಳಿದವರಿಗೆ ಯಾರಾದರೂ ಉತ್ತರ ಕೊಡಿ. ಆನ್ಸಿಬಲ್-ಪುಲ್ ಅಂತ ಇದೆ. ಮಷಿನ್ ಆನ್ ಆದಾಗ ಗಿಟ್‌ನಿಂದ (ಫೈಲುಗಳನ್ನು ಇಟ್ಟು ಹಂಚುವ ಸಂಗ್ರಹ) ಪ್ಲೇಬುಕ್, ಅಂದರೆ ಆ ಯಾಮಲ್ ಫೈಲ್, ಎಳೆದುಕೊಂಡು ತನಗೆ ತಾನೇ ಓಡಿಸಿಕೊಳ್ಳುವ ಹಾಗೆ ಮಾಡಬಹುದು. ಇನ್ನೊಂದು, 40 ಮಷಿನ್ ಒಂದೇ ಪ್ಯಾಕೇಜನ್ನು ಹೊರಗಿನಿಂದ ಇಳಿಸಿಕೊಂಡರೆ ನಿಮ್ಮ ನೆಟ್ ಕೂತುಬಿಡುತ್ತದೆ. ಒಂದು ಮಷಿನ್‌ನಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಇಡಿ, ಒಮ್ಮೆ ಇಳಿಸಿದ್ದನ್ನು ಉಳಿದವಕ್ಕೂ ಅದೇ ಕೊಡುತ್ತದೆ. ಮುಂದಿನ ಸಲ ಉಬುಂಟು ಹೊಸದಾಗಿ ಹಾಕುವಾಗ ಆಟೋಇನ್‌ಸ್ಟಾಲ್ (ತಾನಾಗಿ ಹಾಕಿಕೊಳ್ಳಲು ಸೂಚನೆ ಕೊಡುವ) ಫೈಲಿನಲ್ಲೇ ಎಸ್‌ಎಸ್‌ಎಚ್ ಸರ್ವರ್ ಬೇಕು ಅಂತ ಬರೆದುಬಿಡಿ.

ಹಳೇ ಸರ್ವರ್: ಪುಲ್ ಮಾಡಬೇಕಾದರೆ ಪ್ರತಿ ಮಷಿನ್‌ನಲ್ಲೂ ಆನ್ಸಿಬಲ್ ಬೇಕು, ಗಿಟ್ ಬೇಕು. "ಏನೂ ಹಾಕಬೇಕಿಲ್ಲ" ಅನ್ನುವ ಪಟ್ಟಿ ಬೆಳೆಯುತ್ತಿದೆ.

ಟರ್ಮಿನಲ್ ತಿಮ್ಮ: ಏಜೆಂಟ್ ಬೇಡ ಅಂತ ಹೇಳಿದ್ದು ಕಣ್ರೀ! ಒಂದು ಪದ ಹಿಡಿದುಕೊಂಡು ಬೆಳಗಿನಿಂದ ಜಗ್ಗುತ್ತಿದ್ದೀರಿ. ಬೇರೆ ಕೆಲಸ ಇಲ್ವಾ?

ಹಳೇ ಸರ್ವರ್: ಇಲ್ಲ. ಪಪೆಟ್ ಮಾಡುತ್ತಿದೆ.

ಬ್ಯಾಷ್ ಬಸಪ್ಪ: 😂 ಇದಕ್ಕೆ ಮಾತ್ರ ಲೈಕ್.

ಲ್ಯಾಬ್ ಕೀಲಿಕೈ: ನಿನ್ನೆ ಪೆನ್‌ಡ್ರೈವ್ ಹಿಡಿದು 14 ಮಷಿನ್‌ಗೆ ಎಸ್‌ಎಸ್‌ಎಚ್ ಸರ್ವರ್ ಹಾಕಿ ಬಂದೆ. ಆನ್ಸಿಬಲ್ ಓಡಿಸಿದೆ. ಒಂದು ಸಲಕ್ಕೆ ಐದೇ ಮಷಿನ್ ಹಿಡಿಯುತ್ತಿತ್ತು. ಫೋರ್ಕ್ಸ್ (ಒಟ್ಟಿಗೆ ಎಷ್ಟು ಮಷಿನ್ ಅನ್ನುವ ಸೆಟ್ಟಿಂಗ್) 14 ಮಾಡಿದ ಮೇಲೆ ಸರಿಹೋಯಿತು. ಆದರೆ ಜಿಪ್ ಬಿಚ್ಚಲು ಶೆಲ್ ಮಾಡ್ಯೂಲ್ ಬಳಸಿದ್ದೆ. ಅದೊಂದು ಮಾತ್ರ ಪ್ರತಿ ಸಲ "ಚೇಂಜ್ಡ್" (ಬದಲಾಯಿತು) ಅಂತ ತೋರಿಸುತ್ತಿದೆ.

ಬ್ಯಾಷ್ ಬಸಪ್ಪ: "ಶೆಲ್ ಮಾಡ್ಯೂಲ್." ಕೊನೆಗೂ ಶೆಲ್ಲೇ ಬೇಕಾಯಿತು, ಅಲ್ವಾ?

ರೂಟ್ ರಂಗಿ: ಅದು ಬೇಡ. ಜಿಪ್ ಬಿಚ್ಚಲೆಂದೇ ಅನ್‌ಆರ್ಕೈವ್ ಮಾಡ್ಯೂಲ್ ಇದೆ. ಶೆಲ್ಲೇ ಇರಲಿ ಅಂದರೆ ಕ್ರಿಯೇಟ್ಸ್ ಅಂತ ಸೇರಿಸಿ ಬಿಚ್ಚಿದ ಫೋಲ್ಡರಿನ ದಾರಿ ಕೊಡಿ. ಅದು ಇದ್ದರೆ ಮುಂದಿನ ಸಲ ಬಿಟ್ಟುಬಿಡುತ್ತದೆ.

ಹಳೇ ಸರ್ವರ್: ಪೆನ್‌ಡ್ರೈವ್ ಹಿಡಿದು. 14 ಮಷಿನ್‌ಗೆ. ಹಾಕಿ ಬಂದೆ. ತಿಮ್ಮ ಅವರು ಓದಿದರಾ?